ಸತ್ಯಾಂಶ: ಪೆಟ್ರೋಲ್ ಡೈನೋಸಾರ್‌ಗಳಿಂದ ಬಂದದ್ದಲ್ಲ

"ನಿಮ್ಮ ಬೈಕಿನ ಟ್ಯಾಂಕಿನಲ್ಲಿರುವುದು ಕರಗಿದ ಡೈನೋಸಾರ್, ಕಲ್ಲಿದ್ದಲು ಅವುಗಳ ಮೂಳೆ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ನಿಜವಲ್ಲ.

ಕಚ್ಚಾ ತೈಲದ ಮೂಲ ಬಹುಪಾಲು ಸಮುದ್ರ ಹಾಗೂ ಸರೋವರಗಳಲ್ಲಿ ತೇಲುತ್ತಿದ್ದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮತ್ತು ಸೂಕ್ಷ್ಮಜೀವಿಗಳು. ಅವು ಸತ್ತು, ಆಮ್ಲಜನಕ ವಿರಳವಾದ ತಳದ ಕೆಸರಿನಲ್ಲಿ ಹೂತುಹೋದಾಗ ಪೂರ್ತಿ ಕೊಳೆಯದೆ ಉಳಿಯುತ್ತವೆ. ಮೇಲೆ ಪದರ ಪದರವಾಗಿ ಹೂಳು ಬಿದ್ದು, ಆ ಭಾರಕ್ಕೆ ಕೆಸರು ಜೇಡಿಶಿಲೆಯಾಗಿ ಗಟ್ಟಿಗೊಂಡು, ಕೆಲವು ಕಿಲೋಮೀಟರ್ ಆಳದಲ್ಲಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಲಕ್ಷಾಂತರ ವರ್ಷ ಒಳಗಾದಾಗ ಆ ಜೈವಿಕ ಅಂಶ ತೈಲವಾಗುತ್ತದೆ. ಶಾಖ ಇನ್ನೂ ಹೆಚ್ಚಿದರೆ ಅನಿಲವಾಗುತ್ತದೆ. ಹಾಗೆ ಹುಟ್ಟಿದ ತೈಲ ಭೂಗರ್ಭದಲ್ಲಿ ಕೆರೆಯಂತೆ ನಿಂತಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು: ಮುಂಬೈ ಕರಾವಳಿಯಾಚೆಯ ಸಮುದ್ರದಲ್ಲಿ 1974ರಲ್ಲಿ ಪತ್ತೆಯಾದ ಬಾಂಬೆ ಹೈ ತೈಲಕ್ಷೇತ್ರದಲ್ಲಿ ಅದು ಸುಣ್ಣದ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಸೇರಿಕೊಂಡಿದೆ.

ಕಲ್ಲಿದ್ದಲಾದದ್ದು ಜೌಗು ನೆಲದ ಗಿಡಮರಗಳು. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಬರುವ ಸಿಂಗರೇಣಿ ಕಲ್ಲಿದ್ದಲು 25 ಕೋಟಿ ವರ್ಷಗಳಿಗೂ ಹಿಂದಿನದು. ಡೈನೋಸಾರ್‌ಗಳು ಕಾಣಿಸಿಕೊಂಡದ್ದೇ ಸುಮಾರು 23 ಕೋಟಿ ವರ್ಷಗಳ ಹಿಂದೆ. ಸಂದೇಶವನ್ನು ತಳ್ಳಿಹಾಕಲು ಈ ಒಂದು ಲೆಕ್ಕವೇ ಸಾಕೆಂದು ನನ್ನ ಭಾವನೆ.

ಕಲ್ಲಿದ್ದಲು ಸಿಗುವುದು ಕಣಶಿಲೆಗಳ, ಅಂದರೆ ಹೂಳು ಪದರ ಪದರವಾಗಿ ಬಿದ್ದು ಗಟ್ಟಿಯಾದ ಕಲ್ಲುಗಳ ನಡುವೆ. ಹಾಗಾದರೆ ಕಣಶಿಲೆ ಇರುವಲ್ಲೆಲ್ಲ ಕಲ್ಲಿದ್ದಲು ಸಿಗಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಬಾದಾಮಿಯ ಕೆಂಪು ಮರಳುಗಲ್ಲು, ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಎರಡೂ ಕಣಶಿಲೆಗಳೇ. ಆದರೆ ಅವು ರೂಪುಗೊಂಡ ಕಾಲದಲ್ಲಿ ನೆಲದ ಮೇಲೆ ಮರಗಳೇ ಇರಲಿಲ್ಲವಾದ್ದರಿಂದ ಅವುಗಳ ಪದರಗಳ ನಡುವೆ ಕಲ್ಲಿದ್ದಲು ಇಲ್ಲ.