ಕಸದ ತೊಟ್ಟಿಯ ಟೋನ್, ಹೊಸ ಡಬ್ಬಿಯಲ್ಲಿ

ಕ್ವೀನ್ ಅನ್ನುವ ರಾಕ್ ತಂಡದ ಬ್ರಿಯಾನ್ ಮೇ ಅವರ ಗಿಟಾರಿನ ಟೋನ್, ಅಂದರೆ ಆ ಸದ್ದಿನ ಗುಣ, ಬೇಕೇ ಬೇಕು ಅಂತ ನಾನು ಹಟಕ್ಕೆ ಬಿದ್ದು ನಾಲ್ಕು ವರ್ಷ ಆಯಿತು. ಇಲ್ಲಿಯವರೆಗೆ ಸಿಕ್ಕಿರುವುದು ನನ್ನದೇ ಟೋನ್. ಬೇರೆ ಬೇರೆ ಬಣ್ಣದ ಡಬ್ಬಿಗಳಿಂದ ಹೊರಗೆ ಬರುತ್ತದೆ, ಅಷ್ಟೇ.

ಮೇ ಸಾಹೇಬರ ವಿಧಾನ ತೀರಾ ಸರಳ. ವಾಕ್ಸ್ ಎಸಿ30 ಅನ್ನುವ ಆಂಪ್, ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. 30 ವ್ಯಾಟ್, ಒಳಗೆ ಇಎಲ್84 ಅನ್ನುವ ನಾಲ್ಕು ವಾಲ್ವ್, ಹಳೇ ರೇಡಿಯೊದಲ್ಲಿ ಇರುತ್ತಿದ್ದ ತರದ ಗಾಜಿನ ಕೊಳವೆ. ಅದರ ವಾಲ್ಯೂಮನ್ನು ಪೂರ್ತಿ ತಿರುಗಿಸಿ ಬಿಟ್ಟುಬಿಡುತ್ತಾರೆ. ಮುಂದೆ ಒಂದು ಟ್ರೆಬಲ್ ಬೂಸ್ಟರ್, ಸದ್ದಿನ ತಾರ ಭಾಗವನ್ನು ಎತ್ತಿಕೊಡುವ ಡಬ್ಬಿ. ಆಮೇಲೆ ಏರಿಸುವುದು, ಇಳಿಸುವುದು ಎಲ್ಲಾ ಗಿಟಾರಿನ ಮೇಲಿರುವ ನಾಬ್‌ನಲ್ಲೇ. ಮುಗೀತು.

ನನ್ನ ಹತ್ತಿರ ಎಸಿ30 ಇಲ್ಲ. ಇರುವ ಆಂಪಿನ ವಾಲ್ವ್ ಬೇರೆ, ಸ್ಪೀಕರ್ ಬೇರೆ, ಕುಲಗೋತ್ರವೇ ಬೇರೆ. ಹಾಗಾಗಿ ಅದರ ಮುಂದೆ ಎಸಿ30 ತರ ಕೇಳಿಸುವ ಪೆಡಲ್, ಅಂದರೆ ಕಾಲಲ್ಲಿ ಒತ್ತುವ ಡಬ್ಬಿ, ಬಂತು. ಆ ಪೆಡಲಿನ ಮುಂದೆ ಬೂಸ್ಟರ್ ಬಂತು. ಇಷ್ಟಾದರೂ ಆಂಪ್ ತನ್ನ ಹುಟ್ಟುಗುಣ ಬಿಡುತ್ತಿಲ್ಲ ಅಂತ ಅದನ್ನು ಮುಚ್ಚಿಹಾಕಲು ಒಂದು ಈಕ್ವಲೈಜರ್ ಬಂತು. ಸದ್ದು ಚೆನ್ನಾಗಿದೆ ಅಂತಲೇ ಆ ಆಂಪ್ ತಗೊಂಡಿದ್ದೆ. ಈಗ ಅದರ ಸದ್ದು ಯಾರಿಗೂ ಕೇಳಿಸಬಾರದು ಅಂತ ಮೂರು ಡಬ್ಬಿ ಕಾವಲಿಗೆ ಕೂತಿವೆ.

ಇನ್ನು ಪೂರ್ತಿ ತಿರುಗಿಸುವ ವಿಷಯ. 30 ವ್ಯಾಟ್ ಅಂದರೆ ಬಲ್ಬಿನ ಲೆಕ್ಕದಲ್ಲಿ ಏನೂ ಅಲ್ಲ, ಅಲ್ವಾ? ವಾಲ್ವ್ ಆಂಪಿನಲ್ಲಿ ಅದು ಪಕ್ಕದಲ್ಲಿರುವ ಡ್ರಮ್ಮರನ್ನೇ ಮುಳುಗಿಸುವಷ್ಟು ಸದ್ದು. ಸರಿ, 15 ವ್ಯಾಟಿಗೆ ಇಳಿಸೋಣ ಅಂದರೆ ಕಮ್ಮಿಯಾಗುವುದು ಬರೀ 3 ಡೆಸಿಬೆಲ್. ಕಿವಿಗೆ ಅರ್ಧ ಅನ್ನಿಸಬೇಕಾದರೆ ಹತ್ತನೇ ಒಂದು ಭಾಗಕ್ಕೆ, ಅಂದರೆ 3 ವ್ಯಾಟಿಗೆ ಬರಬೇಕು. ಆಗಲೂ ಮಲಗುವ ಕೋಣೆಗೆ ಅದು ಜಾಸ್ತಿಯೇ. ಹಾಗಂತ ನಾಬನ್ನು ಒಂದರಲ್ಲಿ ಇಟ್ಟರೆ ವಾಲ್ವ್‌ಗಳಿಗೆ ಬೆವರೇ ಬರುವುದಿಲ್ಲ, ಬೆವರು ಬರದೆ ಆ ಟೋನ್ ಬರುವುದಿಲ್ಲ. ಇದಕ್ಕೂ ಪರಿಹಾರ ಇದೆ. ಅಟೆನ್ಯುಯೇಟರ್ ಅಂತ ಒಂದು ಡಬ್ಬಿ. ಆಂಪನ್ನು ಜೋರಾಗಿ ಕೂಗಲು ಬಿಟ್ಟು, ಆ ಕೂಗು ಸ್ಪೀಕರಿಗೆ ಮುಟ್ಟುವ ಮೊದಲೇ ಅದನ್ನು ಬಿಸಿಯಾಗಿ ಮಾಡಿ ಗಾಳಿಗೆ ಬಿಡುತ್ತದೆ. ರಾತ್ರಿ ಹನ್ನೊಂದಕ್ಕೆ ನಾನು ರಾಕ್ ಸ್ಟಾರ್. ಅದಕ್ಕೆ ಸಾಕ್ಷಿ, ಮುಟ್ಟಿದರೆ ಬೆಚ್ಚಗಿರುವ ಒಂದು ಲೋಹದ ಪೆಟ್ಟಿಗೆ.

ಆಂಪ್ ಸರಿಹೋದರೂ ಗಿಟಾರ್ ಬೇಕಲ್ಲ. ಮೇ ಅವರ ಗಿಟಾರ್ ಅಂಗಡಿಯದ್ದಲ್ಲ. 1963ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಅಪ್ಪನ ಜೊತೆ ಸೇರಿ ಮನೆಯಲ್ಲೇ ಮಾಡಲು ಶುರು ಮಾಡಿದ್ದು. ಕುತ್ತಿಗೆಗೆ ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ತಂತಿ ಎಳೆದು ಸ್ವರ ನಡುಗಿಸುವ ಟ್ರೆಮೊಲೊಗೆ ಹಳೇ ಮೋಟರ್ ಸೈಕಲ್ ಎಂಜಿನ್ನಿನ ಸ್ಪ್ರಿಂಗು. ಅದರ ಹಿಡಿಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು. ತಂತಿ ಮೀಟುವ ಪಿಕ್ ಬದಲು ಬ್ರಿಟನ್ನಿನ ಸಿಕ್ಸ್‌ಪೆನ್ಸ್ ನಾಣ್ಯ. ಕೈಗೆ ಸಿಕ್ಕಿದ್ದನ್ನೆಲ್ಲ ಬಳಸಿದ್ದಾರೆ ಪಾಪ. ಆ ನಾಣ್ಯ 1980ರಲ್ಲೇ ಚಲಾವಣೆ ನಿಲ್ಲಿಸಿತು. ನಾನು ಹುಡುಕಿ ತರಿಸಿದೆ. ಬಂದ ದಿನ ನುಡಿಸಿದೆ, ಎರಡು ತಂತಿ ಸವೆಯಿತು, ಟೋನ್ ಅಲ್ಲೇ ಇತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಡೀಕಿ ಆಂಪ್ ಬಗ್ಗೆ ಓದಿಬಿಟ್ಟೆ.

ಕ್ವೀನ್‌ನ ಬೇಸ್ ವಾದಕ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವರು. 1970ರ ದಶಕದ ಶುರುವಿನಲ್ಲಿ ಅವರಿಗೆ ಬೀದಿ ಬದಿಯ ಕಸದ ತೊಟ್ಟಿಯಲ್ಲಿ ಒಂದು ಸರ್ಕ್ಯೂಟ್ ಬೋರ್ಡ್ ಸಿಕ್ಕಿತು. ಅದನ್ನು ಒಂದು ಸಣ್ಣ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, 9 ವೋಲ್ಟ್ ಬ್ಯಾಟರಿ ಕಟ್ಟಿದರು. ಅದರಲ್ಲಿ ಒಂದೇ ಒಂದು ನಾಬ್ ಇಲ್ಲ. ವಾಲ್ಯೂಮೂ ಇಲ್ಲ, ಟೋನೂ ಇಲ್ಲ. ಮೇ ಅದಕ್ಕೆ ಗಿಟಾರ್ ಸಿಕ್ಕಿಸಿ ನೋಡಿದರು, ಪಿಟೀಲಿನ ಹಾಗೆ, ಕಹಳೆಯ ಹಾಗೆ ಸದ್ದು ಬಂತು. 1975ರ ಆಲ್ಬಮ್‌ನಲ್ಲಿ ಒಂದು ಇಡೀ ಜಾಝ್ ಬ್ಯಾಂಡಿನ ಸದ್ದನ್ನು ಅದರಿಂದಲೇ ತೆಗೆದರು.

ಆಮೇಲೆ ಆ ಆಂಪಿನ ನಕಲು ಮಾರಾಟಕ್ಕೆ ಬಂತು. ಒಬ್ಬರು ಬಿಸಾಕಿದ್ದನ್ನು ಇನ್ನೊಬ್ಬರು ಎತ್ತಿಕೊಂಡರು, ಅಷ್ಟೇ ನಡೆದಿದ್ದು. ಅದರ ಒಂದೊಂದು ಬಿಡಿಭಾಗವನ್ನೂ ಜನ ವರ್ಷಗಟ್ಟಲೆ ಅಳೆದು, ಮತ್ತೆ ಹಾಗೇ ಮಾಡಿಸಿದ್ದಾರೆ. ಕೊಳ್ಳುವವರು ಸರದಿಯಲ್ಲಿ ನಿಂತರು. ನಾನೂ ನಿಂತಿದ್ದೆ, ಅದಕ್ಕೇ ಇಷ್ಟು ಧೈರ್ಯವಾಗಿ ಬೈಯುತ್ತಿದ್ದೇನೆ. ಕಸದ ತೊಟ್ಟಿ ಈಗಲೂ ಎಲ್ಲಾ ಕಡೆ ಇದೆ, ಆದರೆ ಅದರೊಳಗೆ ಕೈ ಹಾಕುವಷ್ಟು ಕೆಟ್ಟ ಕಾಲ ನಮಗೆ ಬಂದಿಲ್ಲ ನೋಡಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದು ಹಳೇ ಕಾಲ. ಈಗಿನವಳು ಸುಮ್ನೆ ದೂರುತ್ತಾ ಕೂರುವುದಿಲ್ಲ. ದೊಡ್ಡ ನರ್ತಕಿ ಕುಣಿದ ನೆಲದ ಅಳತೆ ತೆಗೆದು, ಅದೇ ಜಾತಿಯ ಹಲಗೆ ತರಿಸಿ, ಎಷ್ಟು ಡೊಂಕಿತ್ತೋ ಅಷ್ಟೇ ಡೊಂಕಾಗಿ ಹಾಸಿಸಿಕೊಂಡು, ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾಳೆ.

ಮೇ ಒಬ್ಬರ ಕಥೆ ಅಲ್ಲ ಇದು. ಕಿಂಕ್ಸ್ ತಂಡದ ಡೇವ್ ಡೇವಿಸ್ ತಮ್ಮ ಪುಟ್ಟ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ 1964ರಲ್ಲಿ ಆ ಹರಕು ಸದ್ದು ತೆಗೆದರು. ಇವತ್ತು ಹರಿಯದ ಸ್ಪೀಕರನ್ನು ಹರಿದ ಹಾಗೆ ಕೇಳಿಸುವ ಪೆಡಲ್ ಸಿಗುತ್ತದೆ. ಬ್ಲೇಡು ಮಾತ್ರ ಯಾರೂ ತರುವುದಿಲ್ಲ, ವಾರಂಟಿ ಹೋಗುತ್ತದೆ. ಎಡ್ಡಿ ವ್ಯಾನ್ ಹೇಲನ್ ತಮ್ಮ 100 ವ್ಯಾಟಿನ ಮಾರ್ಷಲ್ ಆಂಪಿಗೆ ವೇರಿಯಾಕ್ ಅನ್ನುವ, ವೋಲ್ಟೇಜ್ ಏರಿಸಿ ಇಳಿಸುವ ಪೆಟ್ಟಿಗೆ ಹಾಕಿ ಕರೆಂಟನ್ನು 90 ವೋಲ್ಟ್ ಆಸುಪಾಸಿಗೆ ಇಳಿಸುತ್ತಿದ್ದರು. ಸಂದರ್ಶನದಲ್ಲಿ ಕೇಳಿದರೆ ಏರಿಸುತ್ತೇನೆ ಅಂತ ಹೇಳಿಬಿಟ್ಟರು. ನಂಬಿ ಏರಿಸಿದವರ ಆಂಪಿನಿಂದ ಟೋನ್ ಬದಲು ಹೊಗೆ ಬಂತು. ಬ್ಲ್ಯಾಕ್ ಸಬತ್‌ನ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ತುದಿ ಮಾಡಿಕೊಂಡು ನುಡಿಸಿದವರು. ಪುಣ್ಯಕ್ಕೆ ಅದನ್ನು ಇನ್ನೂ ಯಾರೂ ಕಿಟ್ ಮಾಡಿ ಮಾರುತ್ತಿಲ್ಲ. ಮಾರಿದರೆ ಮೊದಲ ವಾರದಲ್ಲೇ ಖಾಲಿ.

ಹೋದ ತಿಂಗಳು ಗೆಳೆಯ ಬಂದಿದ್ದ. ಗಿಟಾರಿನಿಂದ ಆಂಪಿಗೆ ಹೋಗುವ ಹಳೇ ಕೇಬಲ್ಲು, ಹೊಸ ಕೇಬಲ್ಲು ಎರಡನ್ನೂ ಬದಲಿಸಿ ಬದಲಿಸಿ ಕೇಳಿಸಿದೆ.

"ಎರಡೂ ಒಂದೇ ಅಲ್ವೇನೋ?"

"ಸರಿಯಾಗಿ ಕೇಳಿಸ್ಕೋ ಮಾರಾಯ. ಇದರಲ್ಲಿ ಮಿಡ್ಸ್, ಆ ನಡುವಿನ ಸ್ವರಗಳು, ಉಸಿರಾಡ್ತಿವೆ."

ಅವನು ಕಣ್ಣು ಮುಚ್ಚಿ ತುಂಬಾ ಹೊತ್ತು ಕೇಳಿದ. ಆಮೇಲೆ ಹೌದು ಅಂತ ತಲೆಯಾಡಿಸಿದ. ಆಗ ನೋಡಿದರೆ ಎರಡನೇ ಸಲ ಸಿಕ್ಕಿಸುವಾಗ ನನ್ನ ಮೊಣಕೈ ತಗಲಿ ವಾಲ್ಯೂಮ್ ಚೂರು ಏರಿತ್ತು. ಎರಡು ಸದ್ದು ಪಕ್ಕಪಕ್ಕ ಇಟ್ಟರೆ ಒಂಚೂರು ಜೋರಾಗಿರುವುದೇ ನಮ್ಮ ಕಿವಿಗೆ ಚೆಂದ. ಇದು ಗೊತ್ತಿರುವ ವಿಷಯವೇ. ಹೊಸ ಪೆಡಲಿನ ಮೇಲೆ ಹುಟ್ಟುವ ಪ್ರೀತಿಯಲ್ಲಿ ಎಷ್ಟೋ ಪಾಲು ಇದೇ. ಅವನಿಗೆ ಮಾತ್ರ ನಾನು ಹೇಳಲಿಲ್ಲ. ಅವನು ಮನೆಗೆ ಹೋಗಿ ಅದೇ ಕೇಬಲ್ ತರಿಸಿದ.

ಮೊನ್ನೆ ರಾತ್ರಿ ಎಲ್ಲಾ ಸಿಕ್ಕಿಸಿ ಕೂತೆ. ಬೂಸ್ಟರ್, ಪೆಡಲ್, ಈಕ್ವಲೈಜರ್, ಬಿಸಿ ಡಬ್ಬಿ, ನಾಣ್ಯ. ಯಾವಾಗಲೂ ಪರೀಕ್ಷೆಗೆ ನುಡಿಸುವ ಆ ಎಂಟು ಸ್ವರ ನುಡಿಸಿದೆ. ನಾಬ್ ಒಂದು ಕೂದಲೆಳೆಯಷ್ಟು ತಿರುಗಿಸಿದೆ. ಮತ್ತೆ ಅದೇ ಎಂಟು ಸ್ವರ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಚೆನ್ನಾಗಿದೆ ಕಣೋ. ನಾಲ್ಕು ವರ್ಷದಿಂದ ಇಷ್ಟೇ ನುಡಿಸ್ತಿದೀಯ, ಇದರ ಮುಂದಿನದು ಏನು?"

"ಸ್ಪೀಕರ್ ಇನ್ನೂ ಪಳಗಿಲ್ಲಮ್ಮ" ಅಂದೆ.