ಸ್ಪಷ್ಟನೆ: ಕೊರಕಲು ಬೀಳದಿದ್ದರೂ ಮಣ್ಣು ಹೋಗುತ್ತದೆ

‘ಹೊಲದಲ್ಲಿ ಕೊರಕಲು ಬಿದ್ದಿಲ್ಲ ಅಂದ್ರೆ ಮಣ್ಣು ಕೊಚ್ಚಿಹೋಗಿಲ್ಲ’ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮಳೆಹನಿ ಬಡಿದಾಗಲೇ ಮಣ್ಣಿನ ಕಣ ಸಡಿಲವಾಗುತ್ತದೆ. ಪಾದವೂ ಮುಳುಗದಷ್ಟು ತೆಳ್ಳಗೆ ಹರಿಯುವ ನೀರು ಅದನ್ನು ಹೊತ್ತೊಯ್ಯುತ್ತದೆ. ಎಕರೆಗೆ ಬರೀ 1 ಮಿಲಿಮೀಟರ್ ಪದರ ಹೋದರೂ ಸುಮಾರು 5 ಟನ್! ಕಣ್ಣಿಗೆ ಮಾತ್ರ ಏನೂ ಕಾಣಲ್ಲ.

ಗುರುತು ಬೇಕಾ? ಜೋರು ಮಳೆಯಾದ ಮೇಲೆ ಬಗ್ಗಿ ನೋಡಿ. ಸುತ್ತಲಿನ ಮಣ್ಣು ಹೋಗಿ, ಸಣ್ಣ ಕಲ್ಲುಗಳು ಪುಟ್ಟ ಮಣ್ಣಿನ ದಿಂಡಿನ ಮೇಲೆ ಕೂತಿರುತ್ತವೆ. ಇಳಿಜಾರು ಕಡಿಮೆಯಾದಲ್ಲಿ, ಬದುವಿನ ಬುಡದಲ್ಲಿ ನೀರಿನ ವೇಗ ತಗ್ಗಿ, ಮೊದಲು ದಪ್ಪ ಮರಳು ಇಳಿಯುತ್ತದೆ. ನುಣುಪು ಜೇಡಿ, ಗೊಬ್ಬರದ ಸಾರ ಜಾಸ್ತಿ ಪಾಲು ರಾಡಿ ನೀರಿನ ಜೊತೆ ಹಳ್ಳ ಸೇರುತ್ತವೆ.

ಆ ಮೆಸೇಜ್ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಇದನ್ನೂ ಅಲ್ಲೇ ಹಾಕಿ.