ಕಾಲೇಜ್ ಆಟಗಾರರು ಜಾಹೀರಾತಿಂದ ದುಡ್ಡು ಮಾಡ್ಬಹುದಾ?

ಪರ: ಮುಖ ಅವನದು, ದುಡ್ಡೂ ಅವನದೇ

2008ರಲ್ಲಿ ನಾನು ಅಮೆರಿಕದ ಒಂದು ದೊಡ್ಡ ಸ್ಟೇಟ್ ಯೂನಿವರ್ಸಿಟೀಲಿ ಎಂಎಸ್ ಮಾಡ್ತಿದ್ದೆ, ಸಂಜೆ ಹೊತ್ತು ಫುಟ್‌ಬಾಲ್ ಟೀಮ್ ಹುಡುಗ್ರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳ್ಕೊಡೋ ಕೆಲಸ ಸಿಕ್ಕಿತ್ತು. ಅದ್ರಲ್ಲೊಬ್ಬ ಬೆಳಿಗ್ಗೆ ಐದಕ್ಕೆ ಎದ್ದು ಜಿಮ್ಮು, ಆಮೇಲೆ ಕ್ಲಾಸು, ಆಮೇಲೆ ಪ್ರಾಕ್ಟೀಸು, ನನ್ನ ಹತ್ರ ಬರೋ ಹೊತ್ತಿಗೆ ಕಣ್ಣು ಎಳೀತಿರೋದು. ಒಂದಿನ ನನ್ನ ದಾವಣಗೆರೆ ರೂಮ್‌ಮೇಟು ಕ್ಯಾಂಪಸ್ ಅಂಗಡೀಲಿ 60 ಡಾಲರ್ ಕೊಟ್ಟು ತಂದ ಜೆರ್ಸಿ ಹಾಕ್ಕೊಂಡು ಲೈಬ್ರರಿಗೆ ಬಂದ, ನೋಡಿದ್ರೆ ಅದು ಇದೇ ಹುಡುಗನ ನಂಬರ್. ಬೆನ್ನ ಮೇಲೆ ಹೆಸರಿಲ್ಲ, ಬರೀ ನಂಬರ್, ಹೆಸರು ಹಾಕದೇ ಇದ್ರೆ ಯಾರದ್ದೂ ಅಲ್ಲ ಅನ್ನೋ ಲೆಕ್ಕ. ಹುಡುಗ ನೋಡಿ ನಕ್ಕ, ಏನೂ ಅನ್ಲಿಲ್ಲ. ಅದೇ ವಾರ ಅವನ ಅಜ್ಜಿಗೆ ಹುಷಾರಿಲ್ಲ, ಊರಿಗೆ ಹೋಗೋಕೆ ಬಸ್ ಚಾರ್ಜಿಗೂ ದುಡ್ಡಿಲ್ಲ. ನಾನು ಕೊಡ್ತೀನಿ ಕಣೋ ಅಂದೆ. ಬೇಡ, ನಿಮ್ಮ ಹತ್ರ ತಗೊಂಡಿದ್ದು ಗೊತ್ತಾದ್ರೆ ನನ್ನ ಆಡೋಕೆ ಬಿಡಲ್ಲ ಅಂದ. ಅವನು ಹೋಗ್ಲಿಲ್ಲ. ಎಷ್ಟೋ ವರ್ಷ ಆಯ್ತು, ಈಗ್ಲೂ ನಂಗೆ ಹೊಟ್ಟೆ ಉರಿಯುತ್ತೆ.

ಇದು ಅವನೊಬ್ಬನ ಕಥೆ ಅಲ್ಲ. ಯುಸಿಎಲ್ಎ ಯೂನಿವರ್ಸಿಟಿಗೆ ಬ್ಯಾಸ್ಕೆಟ್‌ಬಾಲ್ ಆಡಿದ್ದ ಎಡ್ ಒಬ್ಯಾನನ್ ಸ್ನೇಹಿತನ ಮನೇಲಿ ವಿಡಿಯೋ ಗೇಮ್ ನೋಡ್ತಾನೆ, ಅದ್ರಲ್ಲಿ ತನ್ನ ಹಾಗೇ ಇರೋ ಆಟಗಾರ, ಅದೇ 31ನೇ ನಂಬರ್, ಅವನಿಗೆ ಮಾತ್ರ ಒಂದು ಪೈಸೆ ಬಂದಿಲ್ಲ. ಕಾಲೇಜ್ ಆಟಗಳನ್ನ ನಡೆಸೋ, ಆಟಗಾರರು ಹೀಗೆ ದುಡ್ಡು ಮಾಡ್ಬಾರ್ದು ಅಂತ ನಿಯಮ ಹಾಕಿದ್ದ ಎನ್‌ಸಿಎಎ ಅನ್ನೋ ಸಂಸ್ಥೆ ಮೇಲೆ 2009ರಲ್ಲಿ ಕೇಸ್ ಹಾಕಿದ. ಇದೇ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಟಿವಿ ಹಕ್ಕನ್ನ 2032ರವರೆಗೆ ವಿಸ್ತರಿಸಿ 880 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡಿದೆ. ಕೋಚ್‌ಗಳಿಗೆ ಲಕ್ಷಗಟ್ಟಲೆ ಡಾಲರ್ ಸಂಬಳ, ಆಡೋನಿಗೆ ಮಾತ್ರ 'ಅಮೆಚೂರ್', ಅಂದ್ರೆ ದುಡ್ಡಿಗಾಗಿ ಆಡದೋನು, ಅನ್ನೋ ಬಿರುದು. ಕೊನೆಗೆ 2021ರ ಜೂನ್‌ನಲ್ಲಿ ಆಟಗಾರರು ಹಾಕಿದ್ದ ಆಲ್ಸ್ಟನ್ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂಬತ್ತೂ ಜಡ್ಜ್‌ಗಳು ಸೇರಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ರು, ಅದು ಓದಿಗೆ ಸಂಬಂಧಪಟ್ಟ ಸವಲತ್ತುಗಳ ಕೇಸು, ಆದ್ರೆ ಗೋಡೆ ಬಿರುಕು ಬಿಟ್ಟಿತ್ತು, ಜುಲೈ 1ರಿಂದ ಜಾಹೀರಾತಿಗೆ ಅವಕಾಶ ಸಿಕ್ತು. ಮೊದಲ ದಿನಾನೇ ಒಪ್ಪಂದ ಮಾಡ್ಕೊಂಡೋರಲ್ಲಿ ಕ್ಯಾವಿಂಡರ್ ಅವಳಿ ಸಹೋದರಿಯರಿದ್ರು, ಬ್ಯಾಸ್ಕೆಟ್‌ಬಾಲ್ ಹುಡುಗೀರು. ಹುಡುಗೀರ ವಿಷ್ಯ ಇನ್ನೂ ಮುಖ್ಯ, ಯಾಕಂದ್ರೆ ದೇಶವೇ ನೋಡ್ತಿದ್ದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್‌ಗೆ 2024ರಲ್ಲಿ ಪ್ರೊಫೆಷನಲ್ ಲೀಗಲ್ಲಿ ಮೊದಲ ವರ್ಷದ ಸಂಬಳ ಬರೀ 76,535 ಡಾಲರ್, ಬಹಳ ಹುಡುಗೀರಿಗೆ ದುಡಿಯೋ ಕಾಲ ಅಂದ್ರೆ ಕಾಲೇಜೇ.

ವಿರೋಧ ಮಾಡೋರದ್ದು ಒಂದೇ ರಾಗ, ದುಡ್ಡು ಬಂದ್ರೆ ಮಕ್ಕಳು ಕೆಟ್ಟುಹೋಗ್ತಾರೆ ಅಂತ. ನಮ್ಮಲ್ಲಿ ಡಿಗ್ರಿ ಓದ್ತಾ ರಣಜಿ ಆಡೋ ಹುಡುಗ ಮ್ಯಾಚ್ ಫೀ ತಗೊಳ್ಳಲ್ವಾ? ಅವನನ್ನ ಕಾಲೇಜಿಂದ ಓಡಿಸ್ತೀವಾ?

ವಿರೋಧ: ಜಾಹೀರಾತು ಎಲ್ಲಿದೆ?

ಈ ಕಡೆ ಬರೀರಿ ಅಂತ ಕೇಳಿದ್ರು, ಒಪ್ಕೊಂಡೆ. ಒಬ್ಯಾನನ್ ಕೇಸ್ ಹಾಕಿದ್ದು ಸರೀನೇ, ಒಂದು ಕಂಪನಿ ನಿಜವಾಗ್ಲೂ ಬಂದು ಶೂ ಮಾರೋಕೆ ದುಡ್ಡು ಕೊಟ್ರೆ ನಂದೇನೂ ತಕರಾರಿಲ್ಲ.

ಆದ್ರೆ ಆಗಿದ್ದು ಬೇರೆ. ಹಳೇ ವಿದ್ಯಾರ್ಥಿಗಳು, ಊರಿನ ಶ್ರೀಮಂತ ಅಭಿಮಾನಿಗಳು ಸೇರಿ ಕಲೆಕ್ಟಿವ್ ಅಂತ ಗುಂಪು ಕಟ್ಕೊಂಡು ಹಣ ಒಟ್ಟು ಮಾಡಿ ಆಟಗಾರನಿಗೆ ಕೊಡೋದು, ಹೆಸರಿಗೆ ಜಾಹೀರಾತು, ಒಳಗೆ ಸಂಬಳ. ಜಾಸ್ತಿ ಕೊಡೋರ ಕಡೆಗೆ ವರ್ಷಕ್ಕೊಂದು ಕಾಲೇಜು ಬದಲಾಯಿಸೋದು. ಓದು ಎಲ್ಲಿ ಬಂತು ಇದ್ರಲ್ಲಿ? ನಾಲ್ಕು ವರ್ಷದ ಫ್ರೀ ಡಿಗ್ರಿಗೆ ಬೆಲೆನೇ ಇಲ್ವಾ? ನಾವೆಲ್ಲ ಸಾಲ ಮಾಡಿ ಬಂದು ಓದಿದೋರು.

ಇನ್ನೊಂದು ನಮ್ಮ ಮಕ್ಕಳ ವಿಷ್ಯ. ಬೆಂಗಳೂರಿಂದ ಈಜು, ಟೆನಿಸ್ ಅಂತ ಸ್ಕಾಲರ್‌ಶಿಪ್ ಮೇಲೆ ಬರೋರು ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿರ್ತಾರೆ, ಅವರು ಇಲ್ಲಿ ಜಾಹೀರಾತಿಗೆ ಕೆಲಸ ಮಾಡಿದ್ರೆ ವೀಸಾಗೇ ಅಪಾಯ. ಪರ್ಡ್ಯೂ ಯೂನಿವರ್ಸಿಟಿಯ ಜ್ಯಾಕ್ ಈಡಿ, ಕೆನಡಾದವನು, ಬ್ಯಾಸ್ಕೆಟ್‌ಬಾಲಲ್ಲಿ ಎರಡು ಸಲ ಅಮೆರಿಕದ ಅತ್ಯುತ್ತಮ ಕಾಲೇಜ್ ಆಟಗಾರ ಅನ್ನಿಸ್ಕೊಂಡ, ಅವನಿಗೂ ಇದೇ ಅಡ್ಡಿ ಇತ್ತು.

ನನ್ನ ಮಗಳು ಸ್ವಿಮ್ಮರ್. ಸ್ಕಾಲರ್‌ಶಿಪ್ ಇಲ್ದೇನೆ ಟ್ರಯಲ್ ಕೊಟ್ಟು ಟೀಮ್ ಸೇರ್ಕೊಂಡೋಳು, ಇಲ್ಲಿ ವಾಕ್-ಆನ್ ಅಂತಾರೆ. ಒಂಬತ್ತನೇ ವಯಸ್ಸಿಂದ ಬೆಳಿಗ್ಗೆ ನಾಲ್ಕೂವರೆಗೆ ನಾನೇ ಪೂಲಿಗೆ ಬಿಡ್ತಿದ್ದೆ, ಚಳೀಲಿ ಕಾರಲ್ಲೇ ಕೂತಿರ್ತಿದ್ದೆ. ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸ್ ಅಂತ ಒಂದ್ರಲ್ಲಿ ರಾಜಿ ಆಯ್ತಲ್ಲ, 2025ರ ಜೂನ್‌ನಲ್ಲಿ ಜಡ್ಜ್ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟಿದ್ದು, ಅದ್ರಲ್ಲಿ ಕಾಲೇಜುಗಳೇ ಮೊದಲ ವರ್ಷ 2.05 ಕೋಟಿ ಡಾಲರ್ ತನಕ ಆಟಗಾರರಿಗೆ ನೇರವಾಗಿ ಹಂಚ್ಬಹುದು, ಜೊತೆಗೆ ಪ್ರತಿ ಟೀಮಿಗೂ ಇಷ್ಟೇ ಜನ ಅಂತ ಮಿತಿ. ಜಾಹೀರಾತಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳ್ಬಹುದು, ಬಾಗಿಲು ತೆಗೆದಿದ್ದು ಜಾಹೀರಾತಿನ ದುಡ್ಡೇ ಅಂತ ನನ್ನ ನಂಬಿಕೆ. ಒಪ್ಪಿಗೆ ಸಿಗೋಕೆ ಮುಂಚೇನೇ ಏಪ್ರಿಲ್‌ನಲ್ಲಿ ಅವಳನ್ನ ಕರೆದು ಜಾಗ ಇಲ್ಲಮ್ಮ ಅಂದ್ರು. ಹತ್ತು ನಿಮಿಷದ ಮಾತು. ಹೀಗೆ ತೆಗೆದ ಮಕ್ಕಳನ್ನ ಮಿತಿಗೆ ಲೆಕ್ಕ ಹಾಕ್ದೇನೆ ವಾಪಸ್ ತಗೋಬಹುದು ಅಂತ ಆಮೇಲೆ ರಾಜಿಯಲ್ಲಿ ಸೇರಿಸಿದ್ರು, ತಗೊಳ್ಳಲೇಬೇಕು ಅಂತ ಸೇರಿಸ್ಲಿಲ್ಲ. ಅವಳ ಕಾಲೇಜು ತಗೊಳ್ಲಿಲ್ಲ.